ಅಳಿಸುವವರಿಲ್ಲದ ಕೈಪಿಡಿ

ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂನಲ್ಲಿ ಜೈಲು ಎಂಬೊಂದು ಸೌಲಭ್ಯವಿದೆ. ಒಂದೇ ಯಂತ್ರದಲ್ಲಿ ಹಲವು ಆವರಣಗಳನ್ನು ಕಟ್ಟಿ, ಒಂದರೊಳಗಿನ ತಂತ್ರಾಂಶ ಇನ್ನೊಂದರ ತಂಟೆಗೆ ಹೋಗದಂತೆ ನೋಡಿಕೊಳ್ಳುವ ಏರ್ಪಾಡು ಅದು. ಅಂಥದೊಂದು ಜೈಲಿನೊಳಗೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಹಾಕಲು ಹೊರಟವರು ಮೊದಲ ಹೆಜ್ಜೆಯಲ್ಲೇ ಮುಗ್ಗರಿಸುತ್ತಾರೆ. ಪೋಸ್ಟ್‌ಗ್ರೆಸ್ ಶುರುವಾಗುವಾಗ ಹಂಚಿಕೆಯ ಮೆಮೊರಿಯ ಒಂದು ತುಂಡನ್ನು ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಬಳಿ ಕೇಳುತ್ತದೆ. ಜೈಲಿನೊಳಗಿನಿಂದ ಕೇಳಿದರೆ ಅಂಥ ಸೌಲಭ್ಯವೇ ಇಲ್ಲವೆಂದು ಕರ್ನಲ್ ಮುಖಕ್ಕೆ ಹೊಡೆದಂತೆ ಹೇಳಿಬಿಡುತ್ತದೆ. ಆ ದೋಷಸಂದೇಶವನ್ನು ಅಂತರಜಾಲದಲ್ಲಿ ಹುಡುಕಿದರೆ ಪರಿಹಾರವೇನೋ ಸಿಗುತ್ತದೆ: ಜೈಲಿನ ಕಾನ್ಫಿಗರೇಶನ್ ಫೈಲಿನಲ್ಲಿ ‘ಅಲೋ.ಸಿಸ್‌ವಿಐಪಿಸಿ’ ಎಂಬ ಒಂದು ಸಾಲು ಸೇರಿಸಿ. ಸೇರಿಸಿದರೆ ಡೇಟಾಬೇಸ್ ಏಳುತ್ತದೆ. ಓದಿದವರು ಪುಟ ಮುಚ್ಚಿ ಮುಂದಿನ ಕೆಲಸಕ್ಕೆ ಹೋಗುತ್ತಾರೆ.

ಆ ಒಂದು ಸಾಲು ಇನ್ನೇನು ಮಾಡಿತು ಎಂಬುದು ಅವರಿಗೆ ಕಾಣುವುದಿಲ್ಲ. ಅದು ಜೈಲಿಗೆ ಹೊರಗಿನ ಯಂತ್ರದ ಹಂಚಿಕೆ ಮೆಮೊರಿಯನ್ನೇ ತೆರೆದುಕೊಟ್ಟಿತು. ಪಕ್ಕದಲ್ಲಿ ಅದೇ ಸಾಲು ಹಾಕಿಕೊಂಡ ಇನ್ನೊಂದು ಜೈಲಿದ್ದರೆ ಎರಡರ ನಡುವೆ ಆ ಮಟ್ಟಿಗೆ ಗೋಡೆಯೇ ಇಲ್ಲ. ಹಾಗೆಂದು ಆ ಸಲಹೆ ಕೊಟ್ಟವರು ಅಜ್ಞಾನಿಗಳಲ್ಲ. 2016ರ ಅಕ್ಟೋಬರಿನಲ್ಲಿ ಫ್ರೀಬಿಎಸ್‌ಡಿ 11.0 ಬರುವವರೆಗೆ ಬೇರೆ ದಾರಿಯೇ ಇರಲಿಲ್ಲ. ಅಲ್ಲಿಂದೀಚೆಗೆ ಪ್ರತಿ ಜೈಲಿಗೂ ಅದರದೇ ಹಂಚಿಕೆ ಮೆಮೊರಿಯನ್ನು ಕೊಡಬಹುದು. ‘ಸಿಸ್‌ವಿಶೆಮ್’ ಎಂಬ ಗುಣಕ್ಕೆ ‘ನ್ಯೂ’ ಎಂದು ಬರೆದರೆ ಸಾಕು. ಹಳೆಯ ಸಾಲನ್ನು ಬಳಸಬೇಡಿ ಎಂದು ಜೈಲಿನ ಮ್ಯಾನ್ ಪುಟವೇ, ಅಂದರೆ ತಂತ್ರಾಂಶದ ಜೊತೆಗೇ ಬರುವ ವಿವರಣೆಯ ಪುಟವೇ, ಹೇಳುತ್ತದೆ. ಆದರೂ ಆ ಹಳೆಯ ಸಾಲು ಇಂದಿಗೂ ಕೆಲಸ ಮಾಡುತ್ತದೆ. ತೊಂದರೆ ಇರುವುದೇ ಅಲ್ಲಿ.

ಸ್ವಯಂಸೇವಕರು ನಡೆಸುವ ತಾಂತ್ರಿಕ ಕೈಪಿಡಿಗಳ ಬಗ್ಗೆ ಮಾತೆತ್ತಿದಾಗಲೆಲ್ಲ ಕೇಳಿಬರುವ ದೂರು ಒಂದೇ: ಬರೆಯುವವರು ಸಾಲದು. ನನಗೆ ಈ ದೂರು ಅರ್ಧಸತ್ಯವಾಗಿ ಕಾಣುತ್ತದೆ. ಪ್ರತ್ಯೇಕತೆಯನ್ನೇ ಕಸುಬಾಗಿ ಉಳ್ಳ ತಂತ್ರಾಂಶದ ವಿಷಯದಲ್ಲಂತೂ ಬರೆದದ್ದು ಕಡಿಮೆಯಾಗಿ ಆದ ಹಾನಿಗಿಂತ, ಬರೆದದ್ದನ್ನು ಯಾರೂ ತೆಗೆಯದೆ ಆದ ಹಾನಿ ಹೆಚ್ಚು. ಬರೆಯುವುದು ದಾನ, ಇಷ್ಟ ಬಂದಾಗ, ಇಷ್ಟ ಬಂದಷ್ಟು ಕೊಡಬಹುದು. ಹಳತನ್ನು ಗುರುತಿಸಿ, ಪರೀಕ್ಷಿಸಿ, ಅಳಿಸುವುದು ಹೊಣೆ. ದಾನದ ಮೇಲೆ ನಡೆಯುವ ವ್ಯವಸ್ಥೆಗಳಲ್ಲಿ ಹೊಣೆಗೆ ಜಾಗ ಮಾಡಿಕೊಡುವುದು ಹೇಗೆ ಎಂಬುದೇ ನಿಜವಾದ ಪ್ರಶ್ನೆ.

ಮೊದಲು ಜೈಲು ಎಂದರೇನು ಎಂದು ಸ್ವಲ್ಪ ನೋಡೋಣ. 1979ರಲ್ಲಿ ಯುನಿಕ್ಸ್‌ನ ಏಳನೆಯ ಆವೃತ್ತಿಗೆ ‘ಸಿಎಚ್-ರೂಟ್’ ಎಂಬ ಸಣ್ಣ ಸೌಲಭ್ಯ ಸೇರಿತು. ಒಂದು ಪ್ರೋಗ್ರಾಂಗೆ ಇಡೀ ಫೈಲ್ ವ್ಯವಸ್ಥೆಯನ್ನು ತೋರಿಸದೆ ಒಂದು ಫೋಲ್ಡರನ್ನೇ ಇಡೀ ಜಗತ್ತು ಎಂದು ನಂಬಿಸುವುದು ಅದರ ಕೆಲಸ. ಆದರೆ ರೂಟ್ ಅಧಿಕಾರ, ಅಂದರೆ ಯಂತ್ರದ ಮೇಲೆ ಪೂರ್ತಿ ಅಧಿಕಾರ, ಉಳ್ಳವರು ಅದನ್ನು ದಾಟಿ ಹೊರಬರುವುದು ಕಷ್ಟವಿರಲಿಲ್ಲ. ಡೆನ್ಮಾರ್ಕಿನ ಪೌಲ್-ಹೆನ್ನಿಂಗ್ ಕಾಂಪ್ ಈ ಕೊರತೆ ತುಂಬಲು ಜೈಲನ್ನು ಬರೆದರು. 2000ದ ಮಾರ್ಚಿನಲ್ಲಿ ಬಂದ ಫ್ರೀಬಿಎಸ್‌ಡಿ 4.0ರಲ್ಲಿ ಅದು ಎಲ್ಲರ ಕೈಗೂ ಸಿಕ್ಕಿತು. ಜೈಲಿನೊಳಗೆ ರೂಟ್ ಇದ್ದಾನೆ, ಆದರೆ ಅವನ ದರ್ಬಾರು ಆ ಆವರಣಕ್ಕಷ್ಟೆ. ಇವತ್ತು ಎಲ್ಲರ ಬಾಯಲ್ಲಿರುವ ಡಾಕರ್ ಬಂದದ್ದು 2013ರಲ್ಲಿ. ಅಂದರೆ ಜೈಲಿಗೆ ಹದಿಮೂರು ವರ್ಷ ತುಂಬಿದ ಮೇಲೆ.

ನಮ್ಮ ಹಳೆಯ ಊರುಗಳ ವಠಾರ ಇದಕ್ಕೆ ಒಳ್ಳೆಯ ಹೋಲಿಕೆ. ಪ್ರತಿ ಮನೆಗೂ ತನ್ನದೇ ಬಾಗಿಲು, ತನ್ನದೇ ಬೀಗ, ತನ್ನದೇ ಅಡುಗೆಮನೆ. ಆದರೆ ಬಾವಿ ಒಂದು, ಸೂರು ಒಂದು, ನಡುವಿನ ಗೋಡೆ ಇಬ್ಬರದು. ವರ್ಚುವಲ್ ಯಂತ್ರ ಬೇರೆಯದೇ ಸೈಟಿನಲ್ಲಿ ಕಟ್ಟಿದ ಬೇರೆ ಮನೆ. ಜೈಲು ವಠಾರದ ಒಂದು ಮನೆ. ಎಲ್ಲ ಜೈಲುಗಳಿಗೂ ಕರ್ನಲ್ ಒಂದೇ. ಹಾಗಾಗಿಯೇ ಅದು ಹಗುರ, ಅಗ್ಗ, ವೇಗ. ಹಾಗಾಗಿಯೇ ಯಾವುದು ಹಂಚಿಕೆಯದು, ಯಾವುದು ಖಾಸಗಿ ಎಂಬುದನ್ನು ಒಂದೊಂದಾಗಿ ಯಾರಾದರೂ ಬರೆದು ಹೇಳಲೇಬೇಕು. ಕೈಪಿಡಿಯ ಮೊದಲ ಕರ್ತವ್ಯ ಇದು. ಗೋಡೆ ಕಟ್ಟುವ ಬಗೆಯನ್ನು ಹೇಳುವುದು ಅದರ ನಂತರದ ಮಾತು.

ಸಾಮಾನ್ಯ ತಂತ್ರಾಂಶದ ಕೈಪಿಡಿ ತಪ್ಪಾಗಿದ್ದರೆ ಆ ತಪ್ಪು ಸದ್ದು ಮಾಡುತ್ತದೆ. ಫೋಟೊ ತಿದ್ದುವ ತಂತ್ರಾಂಶದಲ್ಲಿ ಇಂಥ ಮೆನುವಿನಲ್ಲಿ ಇಂಥ ಬಟನ್ ಇದೆ ಎಂದು ಬರೆದಿದ್ದು, ಅಲ್ಲಿ ಅದು ಇಲ್ಲದಿದ್ದರೆ ಓದುಗನಿಗೆ ಆ ಕ್ಷಣವೇ ಗೊತ್ತಾಗುತ್ತದೆ; ಅವನು ಬೈಯುತ್ತಾನೆ, ಬೇರೆ ಕಡೆ ಹುಡುಕುತ್ತಾನೆ. ಜೈಲಿನಲ್ಲೂ ಇಂಥ ಸದ್ದಿನ ತಪ್ಪುಗಳಿವೆ. ಹೊಸದಾಗಿ ಕಟ್ಟಿದ ಜೈಲಿನೊಳಗೆ ಹೋಗಿ ಪಿಂಗ್ ಮಾಡಿದರೆ ಅನುಮತಿ ಇಲ್ಲ ಎಂಬ ಉತ್ತರ ಬರುತ್ತದೆ, ಏಕೆಂದರೆ ಕಚ್ಚಾ ಸಾಕೆಟ್ ತೆರೆಯಲು ಜೈಲಿಗೆ ಬಿಡುವುದಿಲ್ಲ. ಇದು ಕಿರಿಕಿರಿಯೇ, ಆದರೆ ಉಪಕಾರಿ ಕಿರಿಕಿರಿ. ಹೊಸಬ ಕಾರಣ ಕೇಳುತ್ತಾನೆ, ಕೇಳಿ ತಿಳಿಯುತ್ತಾನೆ.

ಅಪಾಯ ಇರುವುದು ಸದ್ದಿಲ್ಲದ ತಪ್ಪುಗಳಲ್ಲಿ. ಜೈಲಿಗೆ ತನ್ನದೇ ಆದ ಪೂರ್ತಿ ನೆಟ್‌ವರ್ಕ್ ಕೊಡದೆ ಬರೀ ಒಂದು ಐಪಿ ವಿಳಾಸ ಕೊಟ್ಟು ಕೂರಿಸುವುದು ಹಳೆಯ ರೂಢಿ, ಈಗಲೂ ಇದೆ. ಅಂಥ ಜೈಲಿನೊಳಗೆ ರೆಡಿಸ್‌ನಂಥ ಸೇವೆಯೊಂದನ್ನು 127.0.0.1ಕ್ಕೆ ಕಟ್ಟುತ್ತೀರಿ ಎಂದುಕೊಳ್ಳಿ. ಸರ್ವರ್ ನಡೆಸುವ ಯಾರನ್ನೇ ಕೇಳಿದರೂ ಅದು ಸುರಕ್ಷಿತ ಎನ್ನುತ್ತಾರೆ: ಆ ವಿಳಾಸ ಯಂತ್ರದ ಒಳಗಿನದು, ಹೊರಗಿನವರು ಅಲ್ಲಿಗೆ ಬರಲಾರರು. ಆದರೆ ಜೈಲಿಗೆ 127.0.0.1 ಅನ್ನು ಬೇರೆಯಾಗಿ ಕೊಟ್ಟಿರದಿದ್ದರೆ ಕರ್ನಲ್ ಅದನ್ನು ಜೈಲಿನ ಐಪಿ ವಿಳಾಸಕ್ಕೆ ತಾನಾಗಿಯೇ ಬದಲಿಸಿಕೊಳ್ಳುತ್ತದೆ. ಆ ಐಪಿ ಹೊರಜಗತ್ತಿಗೆ ತೆರೆದದ್ದಾಗಿದ್ದು, ನಡುವೆ ಫೈರ್‌ವಾಲ್ ಇಲ್ಲದಿದ್ದರೆ, ಒಳಮನೆಯಲ್ಲಿ ಇಟ್ಟೆ ಎಂದುಕೊಂಡ ಸೇವೆ ಬೀದಿಯಲ್ಲಿ ಕೂತಿರುತ್ತದೆ. ಕಾನ್ಫಿಗರೇಶನ್ ಫೈಲು ತೆರೆದು ನೋಡಿದರೆ 127.0.0.1 ಎಂದೇ ಇದೆ. ಸೇವೆ ಓಡುತ್ತಿದೆ. ದೋಷಸಂದೇಶ ಇಲ್ಲ. ‘ಸಾಕ್‌ಸ್ಟ್ಯಾಟ್’ ಕಮ್ಯಾಂಡ್ ಕೊಟ್ಟು, ಸೇವೆ ನಿಜವಾಗಿ ಯಾವ ವಿಳಾಸದಲ್ಲಿ ಕಿವಿಗೊಟ್ಟು ಕೂತಿದೆ ಎಂದು ನೋಡಿದವರಿಗೆ ಮಾತ್ರ ಸತ್ಯ ಕಾಣುತ್ತದೆ. ನೋಡಬೇಕು ಎಂದು ಹೊಳೆಯಬೇಕಲ್ಲ.

ಇನ್ನೊಂದು ಉದಾಹರಣೆ. ಜೈಲಿನೊಳಗಿನ ರೂಟ್ ಮತ್ತು ಹೊರಗಿನ ಯಂತ್ರದಲ್ಲಿ ಖಾತೆ ಇರುವ ಒಬ್ಬ ಸಾಮಾನ್ಯ ಬಳಕೆದಾರ ಕೈಜೋಡಿಸಿದರೆ ಹೊರಗಿನ ಯಂತ್ರದಲ್ಲಿ ಹೆಚ್ಚಿನ ಅಧಿಕಾರ ಗಿಟ್ಟಿಸಬಹುದು. ಆದ್ದರಿಂದ ಜೈಲಿನ ಮೂಲ ಫೋಲ್ಡರು ಹೊರಗಿನ ಸಾಮಾನ್ಯ ಬಳಕೆದಾರರಿಗೆ ಸಿಗದಂತೆ ಇಡಬೇಕು. ಈ ಎಚ್ಚರಿಕೆ ಮ್ಯಾನ್ ಪುಟದಲ್ಲಿ ಇದೆ, ಸ್ಪಷ್ಟವಾಗಿಯೇ ಇದೆ. ಆದರೆ ಹತ್ತು ಕಮ್ಯಾಂಡುಗಳಲ್ಲಿ ಜೈಲು ಕಟ್ಟಿ ಎಂಬ ಧಾಟಿಯ ಬರಹಗಳಲ್ಲಿ ಅದನ್ನು ಹುಡುಕಿ ಸುಸ್ತಾಗಬೇಕು. ಆ ಹತ್ತು ಕಮ್ಯಾಂಡುಗಳು ಕೆಲಸ ಮಾಡುತ್ತವೆ ನೋಡಿ, ಹಾಗಾಗಿ ಹನ್ನೊಂದನೆಯದು ಬೇಕೆಂದು ಯಾರಿಗೂ ಅನ್ನಿಸುವುದಿಲ್ಲ.

ಈ ಪುಟಗಳು ಹೇಗೆ ಹಳಸುತ್ತವೆ ಎಂಬುದಕ್ಕೆ ಫ್ರೀಬಿಎಸ್‌ಡಿಯ ಅಧಿಕೃತ ಕೈಪಿಡಿಯ ಜೈಲು ಅಧ್ಯಾಯವೇ ಒಳ್ಳೆಯ ಸಾಕ್ಷಿ. ಮುಕ್ತ ತಂತ್ರಾಂಶ ಲೋಕದಲ್ಲಿ ಈ ಕೈಪಿಡಿಗೆ ದೊಡ್ಡ ಹೆಸರಿದೆ, ಆ ಹೆಸರು ಸುಮ್ಮನೆ ಬಂದದ್ದಲ್ಲ. ಕೋಡ್ ಬರೆಯುವವರಿಗೆ, ಪ್ಯಾಕೇಜು ಕಟ್ಟುವವರಿಗೆ ಇರುವ ಹಾಗೆಯೇ ಡಾಕ್ಯುಮೆಂಟೇಶನ್ ಬರೆಯುವವರಿಗೂ ಅಲ್ಲಿ ಬೇರೆಯದೇ ಸದಸ್ಯತ್ವ, ಬೇರೆಯದೇ ಹಕ್ಕು ಇದೆ. ಬರಹಗಾರರನ್ನು ಎರಡನೆಯ ಪಂಕ್ತಿಗೆ ಕೂರಿಸದ ಯೋಜನೆಗಳು ಕಡಿಮೆ. ಹೀಗಿದ್ದೂ ಆ ಅಧ್ಯಾಯ ಬಹಳ ಕಾಲ ಪದರದ ಮೇಲೆ ಪದರ ಬಿದ್ದು ಬೆಳೆದಿತ್ತು. ಜೈಲು ಕಟ್ಟಲು ಇಡೀ ಆಪರೇಟಿಂಗ್ ಸಿಸ್ಟಂ ಅನ್ನು ಮೂಲ ಕೋಡಿನಿಂದ ಕಂಪೈಲ್ ಮಾಡಿ ಎಂಬ ವಿಧಾನ ಅಲ್ಲಿತ್ತು. ಸಿದ್ಧ ಫೈಲನ್ನು ಇಳಿಸಿಕೊಂಡು ಬಿಚ್ಚಿದರೆ ಮುಗಿಯುವ ಕೆಲಸ ಅದಾದ ಮೇಲೂ ಇತ್ತು. ಎಲ್ಲ ಜೈಲುಗಳ ವಿವರವನ್ನೂ ‘ಆರ್‌ಸಿ.ಕಾನ್ಫ್’ ಎಂಬ ಒಂದೇ ಫೈಲಿನಲ್ಲಿ ತುರುಕುವ ಪದ್ಧತಿಯೂ ಇತ್ತು, 9.1ರಲ್ಲಿ ‘ಜೈಲ್.ಕಾನ್ಫ್’ ಎಂಬ ಪ್ರತ್ಯೇಕ ಫೈಲು ಬಂದ ಮೇಲೂ ಇತ್ತು. ಆಮೇಲೆ ‘ಈಝಿಜೈಲ್’ ಎಂಬ ಹೊರಗಿನ ಉಪಕರಣದ ಬಗ್ಗೆ ಉದ್ದನೆಯ ಭಾಗ ಸೇರಿತು. ಪ್ರತಿಯೊಬ್ಬರೂ ತಮಗೆ ಗೊತ್ತಿದ್ದ ಒಳ್ಳೆಯದನ್ನೇ ತಂದು ಸೇರಿಸಿದರು. ಮುಂಚೆ ಇದ್ದವರು ಬರೆದದ್ದನ್ನು ತೆಗೆಯುವ ಧೈರ್ಯ, ಅಥವಾ ಅಷ್ಟು ಸದರ, ಯಾರಿಗೂ ಇರಲಿಲ್ಲ. 2023ರಲ್ಲಿ ಅಧ್ಯಾಯವನ್ನು ಬುಡದಿಂದ ಹೊಸದಾಗಿ ಬರೆದಾಗಲೇ ಅದು ಒಂದು ಹದಕ್ಕೆ ಬಂದದ್ದು.

ಸೇರಿಸುವುದು ಸುಲಭ, ತೆಗೆಯುವುದು ಕಷ್ಟ ಎಂಬುದಕ್ಕೆ ಕಾರಣ ಸೋಮಾರಿತನ ಅಲ್ಲ. ಹೊಸ ಭಾಗ ಬರೆದವರ ಹೆಸರು ದಾಖಲೆಯಲ್ಲಿ ಉಳಿಯುತ್ತದೆ. ಹಳೆಯ ಮೂರು ಪ್ಯಾರಾ ತೆಗೆದವರಿಗೆ ಸಿಗುವುದು, ಆ ಮೂರು ಪ್ಯಾರಾಗಳನ್ನೇ ನೆಚ್ಚಿಕೊಂಡಿದ್ದ ಯಾರದೋ ತಕರಾರು. ಅಲ್ಲದೆ ಬರೆಯಲು ಒಂದು ವಿಧಾನ ಗೊತ್ತಿದ್ದರೆ ಸಾಕು. ತೆಗೆಯಲು ಆ ವಿಧಾನ ಎಲ್ಲೂ, ಯಾರಿಗೂ, ಬೆಂಬಲ ಇರುವ ಯಾವ ಆವೃತ್ತಿಯಲ್ಲೂ ಬೇಕಿಲ್ಲ ಎಂಬುದು ಖಚಿತವಾಗಿರಬೇಕು. ಅಷ್ಟು ಖಚಿತತೆ ಸಾಮಾನ್ಯವಾಗಿ ಆ ಕೋಡ್ ಬರೆದವರಿಗೆ ಮಾತ್ರ ಇರುತ್ತದೆ, ಅವರು ಕೈಪಿಡಿಯ ಕಡೆ ಬರುವುದು ಅಪರೂಪ. ಗಿಟ್‌ಹಬ್ 2017ರಲ್ಲಿ ನಡೆಸಿದ ಮುಕ್ತ ತಂತ್ರಾಂಶ ಸಮೀಕ್ಷೆಯಲ್ಲಿ ಉತ್ತರಿಸಿದವರ ಪೈಕಿ ಶೇ. 93 ಮಂದಿ ಅಪೂರ್ಣ ಇಲ್ಲವೇ ಹಳಸಿದ ಡಾಕ್ಯುಮೆಂಟೇಶನ್ ಕಂಡಿದ್ದೇವೆ ಎಂದರು; ಕೊಡುಗೆ ನೀಡುವವರಲ್ಲಿ ಶೇ. 60 ಮಂದಿ ತಾವು ಅದಕ್ಕೆ ಕೈಹಾಕುವುದು ಅಪರೂಪ, ಅಥವಾ ಕೈಹಾಕುವುದೇ ಇಲ್ಲ ಎಂದರು. ಈ ಎರಡು ಅಂಕಿಗಳನ್ನು ಸಾಮಾನ್ಯವಾಗಿ ಉಪದೇಶಕ್ಕೆ ಬಳಸುತ್ತಾರೆ: ಬನ್ನಿ, ಬರೆಯಿರಿ. ನನಗೆ ಅದರಲ್ಲಿ ಕಾಣುವುದು ವ್ಯವಸ್ಥೆಯ ದೋಷ. ಬಹುತೇಕ ಎಲ್ಲರೂ ಅನುಭವಿಸಿ, ಅರ್ಧಕ್ಕಿಂತ ಹೆಚ್ಚು ಜನ ಮುಟ್ಟದೆ ಬಿಡುವ ಕೆಲಸ ಎಂದರೆ ಅದು ಯಾರ ಕೆಲಸವೂ ಆಗಿಲ್ಲ ಎಂದೇ ಅರ್ಥ.

ಫ್ರೀಬಿಎಸ್‌ಡಿಯಲ್ಲಿ ಇದರ ಬೇರು ಎಲ್ಲಿದೆ ಎಂದು ಕೈಯಿಟ್ಟು ತೋರಿಸಬಹುದು. ಜೈಲಿನ ಮ್ಯಾನ್ ಪುಟ ಇರುವುದು ಜೈಲಿನ ಕೋಡ್ ಇರುವ ಫೋಲ್ಡರಿನಲ್ಲೇ. ಕೋಡ್ ತಿದ್ದುವವರ ಕಣ್ಣೆದುರಿಗೇ ಅದು ಇರುತ್ತದೆ. ಅದನ್ನು ಬಿಟ್ಟು ಕೋಡನ್ನಷ್ಟೇ ತಿದ್ದಿದರೆ ತಿದ್ದುಪಡಿ ಪರಿಶೀಲಿಸುವವರು ಕೇಳುತ್ತಾರೆ. ಕೈಪಿಡಿ ಇರುವುದು ಇನ್ನೊಂದು ಕಣಜದಲ್ಲಿ (ರೆಪೊಸಿಟರಿಯಲ್ಲಿ), ಇನ್ನೊಂದು ಹಕ್ಕಿನಡಿ. ಕೋಡಿನಲ್ಲಿ ಒಂದು ಗುಣ ಹಳತಾಯಿತು ಎಂಬ ಸುದ್ದಿ ಆ ಕಣಜದಿಂದ ಈ ಕಣಜಕ್ಕೆ ಹರಿಯಲು ಯಾವ ಕಾಲುವೆಯೂ ಇಲ್ಲ; ಯಾರಾದರೂ ನೆನಪಿಟ್ಟು ಹೇಳಬೇಕು. ಮ್ಯಾನ್ ಪುಟ ಸಾಮಾನ್ಯವಾಗಿ ನಂಬಿಕಸ್ಥ, ಕೈಪಿಡಿ ಅದರ ಹಿಂದೆ ಏದುಸಿರು ಬಿಡುತ್ತಾ ಬರುತ್ತದೆ ಎಂಬುದರ ಗುಟ್ಟು ಇಷ್ಟೆ. ಬರಹಗಾರರ ಶ್ರದ್ಧೆಗೂ ಇದಕ್ಕೂ ಸಂಬಂಧವಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ನನ್ನ ಪ್ರಕಾರ ಮೊದಲನೆಯದು, ಡಾಕ್ಯುಮೆಂಟೇಶನ್ನಿನ ಭಾರವನ್ನು ಬರಹಗಾರನ ಹೆಗಲಿನಿಂದ ಇಳಿಸಿ ಕೋಡ್ ಬದಲಾಗುವ ಕ್ಷಣಕ್ಕೆ ಕಟ್ಟುವುದು. ಸೋದರ ಯೋಜನೆಯಾದ ಓಪನ್‌ಬಿಎಸ್‌ಡಿ ಇದನ್ನು ಬಹಳ ಹಿಂದೆಯೇ ಕಟ್ಟುನಿಟ್ಟು ಮಾಡಿತು. ಅಲ್ಲಿ ಮ್ಯಾನ್ ಪುಟದ ತಪ್ಪು ಕೋಡಿನ ತಪ್ಪಿನಷ್ಟೇ ಗಂಭೀರ. ಇದಕ್ಕೆ ಬರುವ ಆಕ್ಷೇಪ ಹೊಸದಲ್ಲ: ಬಿಟ್ಟಿ ಕೆಲಸ ಮಾಡುವ ಪ್ರೋಗ್ರಾಮರನ ಮೇಲೆ ಇನ್ನೊಂದು ಹೊರೆ ಹೊರಿಸಿದರೆ ಅವನು ಎದ್ದು ಹೋಗುತ್ತಾನೆ. ಹೋಗಬಹುದು. ಆದರೆ ಆ ಹೊರೆಯಿಂದ ಕೋಡಿಗೇ ಲಾಭ ಎಂಬುದನ್ನು ಆಕ್ಷೇಪ ಮರೆಯುತ್ತದೆ. ಜೈಲಿನ ಮ್ಯಾನ್ ಪುಟದ ಕೊನೆಯಲ್ಲಿ ಕರ್ತೃಗಳ ವಿವರ ಇದೆ. ಅದರ ಪ್ರಕಾರ ಜೈಲಿನ ವಿಸ್ತಾರವಾದ ವಿವರಣೆ ಬರೆದವರು ರಾಬರ್ಟ್ ವಾಟ್ಸನ್. ಅವರೇ ಕೆಲವು ದೋಷಗಳನ್ನು ಪತ್ತೆ ಹಚ್ಚಿದರು, ಹೊಸ ಸೌಲಭ್ಯಗಳನ್ನೂ ಸೇರಿಸಿದರು. ಇದು ಕಾಕತಾಳೀಯ ಎಂದು ನನಗೆ ಅನ್ನಿಸುವುದಿಲ್ಲ. ಒಂದು ಗೋಡೆ ಯಾವುದನ್ನು ತಡೆಯುತ್ತದೆ ಎಂದು ಇನ್ನೊಬ್ಬರಿಗೆ ಅರ್ಥವಾಗುವಂತೆ ಬರೆಯಲು ಕೂತಾಗಲೇ ಅದು ಯಾವುದನ್ನು ತಡೆಯುವುದಿಲ್ಲ ಎಂಬುದು ತಲೆಗೆ ಹೊಳೆಯುವುದು. ಯುನಿಕ್ಸ್‌ನ ಮೊದಲ ಕೈಪಿಡಿಗೆ 1971ರ ನವೆಂಬರ್ 3ರ ದಿನಾಂಕವಿದೆ. ಅದರ ಪುಟಗಳಲ್ಲೇ ‘ಬಗ್ಸ್’ ಎಂಬ ಶೀರ್ಷಿಕೆಯಡಿ ಆಯಾ ಪ್ರೋಗ್ರಾಮಿನ ದೋಷಗಳನ್ನು ಬರೆದವರೇ ಒಪ್ಪಿಕೊಂಡಿದ್ದರು. ಮಾರುವ ಸರಕಿನ ಜೊತೆ ಅದರ ಕುಂದುಕೊರತೆಯ ಪಟ್ಟಿಯನ್ನೂ ಕೊಡುವ ಸಂಪ್ರದಾಯ ಬೇರೆ ಯಾವ ಉದ್ಯಮದಲ್ಲಿದೆಯೋ ಕಾಣೆ. ಜೈಲಿನಂಥ ವಿಷಯಕ್ಕೆ ಆ ಶೀರ್ಷಿಕೆ ಪುಟದ ಕೊನೆಯಲ್ಲಲ್ಲ, ತಲೆಯ ಮೇಲೆ ಇರಬೇಕು.

ಎರಡನೆಯದು ದಿನಾಂಕ. ಮ್ಯಾನ್ ಪುಟಗಳಲ್ಲಿ ಒಂದು ದಿನಾಂಕ ಇರುತ್ತದೆ. ತಿರುಳು ಬದಲಾದಾಗ ಅದನ್ನೂ ಬದಲಿಸುವುದು ಶಿಸ್ತು. ಒಳ್ಳೆಯ ಶಿಸ್ತೇ. ಆದರೆ ಆ ದಿನಾಂಕ ಹೇಳುವುದು ಕೊನೆಯ ಬಾರಿ ತಿದ್ದಿದ್ದು ಯಾವಾಗ ಎಂದು. ಓದುಗನಿಗೆ ಬೇಕಾದದ್ದು ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ ಎಂದು. ಐದು ವರ್ಷದಿಂದ ಮುಟ್ಟದ ಪುಟ ಐದು ವರ್ಷವೂ ಸರಿಯಾಗಿಯೇ ಇದ್ದಿರಬಹುದು, ನಿನ್ನೆ ಒಂದು ಅಲ್ಪವಿರಾಮ ತಿದ್ದಿದ ಪುಟ ಹಳಸಿಹೋಗಿರಬಹುದು. ಯಾವ ಆವೃತ್ತಿಯ ಮೇಲೆ, ಯಾವ ತಿಂಗಳಲ್ಲಿ ಈ ಕಮ್ಯಾಂಡುಗಳನ್ನು ಓಡಿಸಿ ನೋಡಲಾಯಿತು ಎಂಬ ಒಂದು ಸಾಲು ಪ್ರತಿ ಭಾಗದ ಕೆಳಗೂ ಇರಲಿ. ಓಡಿಸಿ ನೋಡುವ ಕೆಲಸವನ್ನು ಬಹುಪಾಲು ಯಂತ್ರಕ್ಕೇ ವಹಿಸಬಹುದು. ಕೈಪಿಡಿಯ ಉದಾಹರಣೆಗಳು ಕಮ್ಯಾಂಡುಗಳೇ ತಾನೆ? ಪ್ರತಿ ಬಿಡುಗಡೆಗೆ ಮುಂಚೆ ಒಂದು ಹೊಸ ಯಂತ್ರದ ಮೇಲೆ ಅವನ್ನು ಸಾಲಾಗಿ ಓಡಿಸಿ, ಮುರಿದದ್ದನ್ನು ಪಟ್ಟಿ ಮಾಡುವುದು ಈ ಕಾಲದಲ್ಲಿ ದೊಡ್ಡ ವಿಷಯವಲ್ಲ. ಆದರೆ ಸದ್ದಿಲ್ಲದ ತಪ್ಪುಗಳಿಗೆ ಇಷ್ಟು ಸಾಲದು. ಜೈಲು ಎದ್ದಿತೇ ಎಂಬುದರ ಜೊತೆಗೆ, ಪಕ್ಕದ ಜೈಲಿನಿಂದ ಅದರ ಮೆಮೊರಿ ಕಾಣಿಸುತ್ತದೆಯೇ, 127.0.0.1ಕ್ಕೆ ಕಟ್ಟಿದ ಸೇವೆ ಹೊರಗಿನಿಂದ ಸಿಗುತ್ತದೆಯೇ ಎಂದೂ ಪರೀಕ್ಷೆ ಕೇಳಬೇಕು. ಓದುಗ ತಾನೇ ಕೊಟ್ಟು ನೋಡಬಹುದಾದ ಅಂಥ ಎರಡು ಕಮ್ಯಾಂಡು ಪ್ರತಿ ವಿಧಾನದ ಕೊನೆಯಲ್ಲೂ ಇದ್ದರೆ, ಕೈಪಿಡಿಯಲ್ಲಿ ನಂಬಿಕೆ ಇಲ್ಲದವನೂ ಅದನ್ನು ಬಳಸಬಹುದು.

ಹಳಸಿದ್ದನ್ನು ಗುರುತಿಸುವ ವಿಷಯದಲ್ಲಿ ಕನ್ನಡಕ್ಕೆ ತಂತ್ರಾಂಶ ಅನುವಾದಿಸುವವರಿಂದ ಇಂಗ್ಲಿಷ್ ಕೈಪಿಡಿಗಳು ಕಲಿಯಬೇಕಾದ್ದು ಒಂದಿದೆ. ಗ್ನೋಮ್, ಕೆಡಿಇಗಳನ್ನು ಕನ್ನಡಿಸಿದವರಿಗೆ ಅನುವಾದದ ಸಾಲುಗಳಿರುವ ಪಿಒ ಫೈಲು ಚಿರಪರಿಚಿತ. ಮೂಲದ ಇಂಗ್ಲಿಷ್ ಸಾಲು ಬದಲಾದಾಗ, ಫೈಲನ್ನು ಹೊಸ ಮೂಲದೊಂದಿಗೆ ತಾಳೆ ಹಾಕಿದ ಕೂಡಲೇ ಆ ಸಾಲಿನ ಕನ್ನಡಕ್ಕೆ ‘ಫಜಿ’ ಎಂಬ ಗುರುತು ತಾನಾಗಿಯೇ ಬೀಳುತ್ತದೆ. ಮೂಲ ಬದಲಾಗಿದೆ, ಈ ಅನುವಾದ ಈಗ ಸಂದೇಹಾಸ್ಪದ ಎಂದು ಅದರ ಅರ್ಥ. ಅದಕ್ಕಿಂತ ಜಾಣತನದ್ದು ಮುಂದಿನದು. ಆ ಗುರುತು ಇರುವವರೆಗೆ ಆ ಕನ್ನಡ ಸಾಲು ಬಳಕೆದಾರನಿಗೆ ಕಾಣಿಸುವುದೇ ಇಲ್ಲ, ಅದರ ಜಾಗದಲ್ಲಿ ಇಂಗ್ಲಿಷೇ ಕಾಣುತ್ತದೆ. ತಪ್ಪಿರಬಹುದಾದ ಅನುವಾದಕ್ಕಿಂತ ಅನುವಾದ ಇಲ್ಲದಿರುವುದೇ ಲೇಸು ಎಂದು ಆ ವ್ಯವಸ್ಥೆ ತೀರ್ಮಾನಿಸಿದೆ. ವಿಪರ್ಯಾಸ ನೋಡಿ: ಒಂದು ಬಟನ್ ಮೇಲಿನ ಪದಕ್ಕೆ ಇಷ್ಟು ಎಚ್ಚರ ವಹಿಸುವ ಲೋಕ, ಸರ್ವರಿನ ಗೋಡೆಯನ್ನು ಹೇಗೆ ಕಟ್ಟಬೇಕೆಂಬ ಪುಟಕ್ಕೆ ಅಂಥ ಗುರುತನ್ನು ಇಟ್ಟುಕೊಂಡಿಲ್ಲ. ಜೈಲಿನ ಯಾವುದೇ ಗುಣದ ಕೋಡ್ ಬದಲಾದರೆ, ಆ ಗುಣದ ಹೆಸರು ಬರುವ ಕೈಪಿಡಿಯ ಪ್ರತಿ ಪ್ಯಾರಾದ ಮೇಲೂ ಹೀಗೊಂದು ಗುರುತು ಬೀಳುವಂತೆ ಮಾಡಲು ಸಾಧ್ಯ. ಹೆಸರು ಹುಡುಕಿ ಗುರುತು ಹಾಕುವ ಸಣ್ಣ ಪ್ರೋಗ್ರಾಂ ಅಷ್ಟೆ. ಗುರುತು ತೆಗೆಯಲು ಮಾತ್ರ ಮನುಷ್ಯ ಬೇಕು. ಆ ಮನುಷ್ಯನಿಗೆ ಇಡೀ ಅಧ್ಯಾಯ ಓದುವ ಕಷ್ಟವಿಲ್ಲ, ಆ ಪ್ಯಾರಾ ಸಾಕು.

ತಂತ್ರಾಂಶವೇ ಬಾಯಿ ಬಿಟ್ಟರೆ ಇನ್ನೂ ಒಳ್ಳೆಯದು. ಜೈಲಿನ ವಿವರಗಳನ್ನು ‘ಆರ್‌ಸಿ.ಕಾನ್ಫ್’ನಲ್ಲಿ ಬರೆಯುವ ಪದ್ಧತಿ ಹಳತಾದಾಗ ಫ್ರೀಬಿಎಸ್‌ಡಿ ಹಾಗೇ ಮಾಡಿತು. ಹಳೆಯ ಬಗೆಯಲ್ಲಿ ಬರೆದವರ ಜೈಲನ್ನು ಎಬ್ಬಿಸಿತು, ಆದರೆ ಎಬ್ಬಿಸುವಾಗಲೆಲ್ಲ ಈ ಪದ್ಧತಿ ಹಳತು, ಹೊಸ ಫೈಲಿಗೆ ಹೋಗಿ ಎಂದು ಎಚ್ಚರಿಸಿತು. ಅಂತರಜಾಲದಲ್ಲಿ ಹರಡಿದ ಹಳೆಯ ಪುಟಗಳನ್ನೆಲ್ಲ ಯಾರೂ ತಿದ್ದಲಾರರು. ಆ ಪುಟಗಳನ್ನು ನಂಬಿ ಬಂದವರೆಲ್ಲ ಒಂದು ದಿನ ಆ ಕಮ್ಯಾಂಡು ಕೊಟ್ಟೇ ಕೊಡುತ್ತಾರೆ. ಅಲ್ಲಿ ಕಾದು ಕೂತರೆ ಎಲ್ಲರೂ ಸಿಗುತ್ತಾರೆ.

ಬಾಗಿಲು ಇನ್ನಷ್ಟು ತೆರೆಯಿರಿ, ಯಾರು ಬೇಕಾದರೂ ತಿದ್ದುವ ವಿಕಿ ಮಾಡಿ ಎಂಬ ವಾದವೂ ಇದೆ. ಆರ್ಚ್ ಲಿನಕ್ಸ್‌ನ ವಿಕಿಯನ್ನು ತೋರಿಸುತ್ತಾರೆ. ಅದು ನಿಜಕ್ಕೂ ದೊಡ್ಡ ಸಾಧನೆ, ಬೇರೆ ಲಿನಕ್ಸ್ ಬಳಸುವವರೂ ಅಲ್ಲಿಗೇ ಓಡುತ್ತಾರೆ. ಫ್ರೀಬಿಎಸ್‌ಡಿ ಕೂಡ 2021ರ ಆರಂಭದಲ್ಲಿ ತನ್ನ ಕೈಪಿಡಿಯನ್ನು ಡಾಕ್‌ಬುಕ್ ಎಂಬ ತೊಡಕಿನ ರೂಪದಿಂದ ಆಸ್ಕಿಡಾಕ್ ಎಂಬ ಸರಳ ರೂಪಕ್ಕೆ ತಂದಿತು. ಬೇಕಾಗಿದ್ದ ಕೆಲಸವೇ. ಆದರೂ ಬರೆಯುವ ಬಾಗಿಲು ಅಗಲವಾದಷ್ಟೂ ಒಳಗೆ ಬರುವುದು ಹೆಚ್ಚುತ್ತದೆಯೇ ಹೊರತು ಹೊರಗೆ ಹೋಗುವುದು ಹೆಚ್ಚುವುದಿಲ್ಲ. ಕೊರತೆ ಇರುವುದು ಪರಿಶೀಲಿಸುವವರ ಸಮಯಕ್ಕೆ. ಹೊಸಬನ ತಿದ್ದುಪಡಿ ಯಾರೂ ನೋಡದೆ ತಿಂಗಳುಗಟ್ಟಲೆ ಬಿದ್ದಿದ್ದರೆ ಅವನು ಎರಡನೆಯದನ್ನು ಕಳಿಸುವುದಿಲ್ಲ. ಹೊಸಬನಿಗೆ ಹಳಬರಿಗಿಲ್ಲದ ಒಂದು ಕಣ್ಣಿದೆ: ಎಲ್ಲಿ ಎಡವಿದೆ ಎಂದು ಅವನಿಗೆ ಚೆನ್ನಾಗಿ ಗೊತ್ತು. ಗೋಡೆ ಎಲ್ಲಿ ಟೊಳ್ಳು ಎಂದು ಅವನಿಗೆ ಗೊತ್ತಿರಲಾರದು. ಎಡವಿದ್ದನ್ನು ಅವನು ಹೇಳಲಿ, ಟೊಳ್ಳನ್ನು ಗೊತ್ತಿದ್ದವರು ಹೇಳಲಿ. ಎರಡನ್ನೂ ಒಬ್ಬನಿಂದಲೇ ಬಯಸಿದಾಗ ನಮಗೆ ಸಿಗುವುದು ಆತ್ಮವಿಶ್ವಾಸದಿಂದ ಬರೆದ ಅರೆಬೆಂದ ಪುಟ.

ಇನ್ನು ಕೃತಕ ಬುದ್ಧಿಮತ್ತೆ ಇದೆಯಲ್ಲ, ಕೈಪಿಡಿ ಯಾಕೆ ಬೇಕು ಎನ್ನುವವರು. ಆ ಯಂತ್ರಗಳು ಕಲಿತದ್ದು ಜನ ಬರೆದ ಪುಟಗಳಿಂದಲೇ. ಒಂದು ಪ್ರಶ್ನೆಗೆ ಹತ್ತು ವರ್ಷದಿಂದ ನೂರು ಕಡೆ ನಕಲಾದ ಹಳೆಯ ಉತ್ತರವೂ, ಮ್ಯಾನ್ ಪುಟದಲ್ಲಿ ಒಂದೇ ಕಡೆ ಇರುವ ಹೊಸ ಉತ್ತರವೂ ಇದ್ದರೆ ಯಾವುದು ಅದರ ನಾಲಗೆಗೆ ಮೊದಲು ಬಂದೀತು ಎಂದು ಊಹಿಸುವುದು ಕಷ್ಟವಲ್ಲ. ಹಳತನ್ನು ಅಳಿಸದಿದ್ದುದರ ಬೆಲೆ ಈಗ ಮೊದಲಿಗಿಂತ ಹೆಚ್ಚಾಗಿದೆ.

ದುಡ್ಡಿನ ಮಾತು ಆಡದೆ ಈ ವಿಷಯ ಮುಗಿಯುವುದಿಲ್ಲ. ನೆಟ್‌ಫ್ಲಿಕ್ಸ್ ಸಿನಿಮಾಗಳನ್ನು ಮನೆಮನೆಗೆ ಹರಿಸುವ ಸರ್ವರುಗಳು ಫ್ರೀಬಿಎಸ್‌ಡಿಯವು. ಸೋನಿಯ ಪ್ಲೇಸ್ಟೇಷನ್ 4ರ ಬುಡದಲ್ಲಿರುವುದೂ ಅದೇ. 2024ರಲ್ಲಿ ಜರ್ಮನಿಯ ಸಾವರಿನ್ ಟೆಕ್ ಫಂಡ್ ಫ್ರೀಬಿಎಸ್‌ಡಿಯ ಮೂಲಸೌಕರ್ಯ ಸುಧಾರಣೆಗೆ 6,86,400 ಯೂರೊ ಕೊಟ್ಟಿತು. ಸರ್ಕಾರಿ ಹಣ ಇಂಥ ಕಡೆಗೆ ಬಂದದ್ದು ಸ್ವಾಗತಾರ್ಹ. ತಂತ್ರಾಂಶ ಕಟ್ಟುವ ವ್ಯವಸ್ಥೆ, ಸ್ವಯಂಚಾಲಿತ ಪರೀಕ್ಷೆ, ಹಳೆಯ ತಾಂತ್ರಿಕ ಸಾಲ ತೀರಿಸುವುದು, ಪ್ಯಾಕೇಜುಗಳ ಭದ್ರತೆ, ಬಿಡಿಭಾಗಗಳ ಪಟ್ಟಿ. ಯೋಜನೆಯ ತಲೆಬರಹಗಳು ಇವು. ಡಾಕ್ಯುಮೆಂಟೇಶನ್ ತಲೆಬರಹವಾಗಲಿಲ್ಲ. ಹಳೆಯ ಪ್ಯಾರಾಗಳೂ ತಾಂತ್ರಿಕ ಸಾಲವೇ ಎಂದು ವಾದಿಸಲು ಅವಕಾಶವಿದೆ, ಯಾರಾದರೂ ವಾದಿಸಬೇಕು. ಸಂಬಳ ಕೊಟ್ಟು ಬರೆಸಿದರೆ ಸ್ವಯಂಸೇವೆಯ ಹುರುಪು ಸಾಯುತ್ತದೆ ಎಂಬ ಭಯ ಕೆಲವರಿಗಿದೆ. ಬರೆಯಲು ಸಂಬಳ ಬೇಕಿಲ್ಲ. ಹುರುಪಿನಿಂದ ಯಾರೂ ಮಾಡದ ಕೆಲಸಕ್ಕೆ, ಅಂದರೆ ಗುರುತು ಬಿದ್ದ ಪ್ಯಾರಾಗಳನ್ನು ಒಂದೊಂದಾಗಿ ನೋಡಿ ತೀರ್ಮಾನ ಮಾಡುವ ಕೆಲಸಕ್ಕೆ, ಒಬ್ಬ ಸಂಪಾದಕನ ಸಂಬಳ ಸಾಕು.

ಅಂಥ ಸಂಪಾದಕನಿಗೆ ಮೊದಲ ದಿನದ ಕೆಲಸ ಸಿದ್ಧವಾಗಿಯೇ ಇದೆ. ಕೈಪಿಡಿಯ ಹಳೆಯ ಅಧ್ಯಾಯದಲ್ಲಿ ‘ಸರ್ವಿಸ್ ಜೈಲ್’ ಎಂದರೆ ಒಂದೇ ಸೇವೆಗೆಂದು ಬೇರೆ ಫೋಲ್ಡರಿನಲ್ಲಿ ಕಟ್ಟಿದ ಪ್ರತ್ಯೇಕ ಆವರಣ. 15.0ರಲ್ಲಿ ಅದೇ ಹೆಸರಿನ ಸೌಲಭ್ಯ ಇದೆ, ಬಹಳ ಅನುಕೂಲದ್ದು: ‘ಆರ್‌ಸಿ.ಕಾನ್ಫ್’ನಲ್ಲಿ ಒಂದು ಸಾಲು ಬರೆದರೆ ಸೇವೆಯೊಂದು ಜೈಲಿನೊಳಗೆ ಹೋಗಿ ಕೂರುತ್ತದೆ. ಆದರೆ ಈ ಜೈಲಿಗೆ ಬೇರೆ ಫೋಲ್ಡರಿಲ್ಲ. ಹೊರಗಿನ ಯಂತ್ರದ ಫೈಲುಗಳೆಲ್ಲ ಅದಕ್ಕೆ ಕಾಣುತ್ತವೆ. ಹಳೆಯ ಪುಟ ಓದಿಕೊಂಡು, ಹೊಸ ಸಾಲು ಬರೆದುಕೊಂಡು, ತನ್ನ ಫೈಲುಗಳ ಸುತ್ತ ಗೋಡೆ ಎದ್ದಿದೆ ಎಂದು ನಂಬುವವನಿಗೆ ಯಾವ ದೋಷಸಂದೇಶವೂ ಬರುವುದಿಲ್ಲ. ಆ ಹೆಸರು ಬರುವ ಹಳೆಯ ಪುಟಗಳನ್ನೆಲ್ಲ ಹುಡುಕಿ ತೆಗೆದು, ಪ್ರತಿಯೊಂದರ ತಲೆಯ ಮೇಲೂ ಒಂದು ಎಚ್ಚರಿಕೆಯ ಸಾಲು ಹಾಕಲು ಒಂದು ವಾರ ಬೇಕಾದೀತು.